ಅಪ್‌ಡೇಟ್: ಕುಂಡದ ಕರಬೂಜ ಕೊನೆಗೂ ಕಾಯಿ ಕಚ್ಚಿತು

ಎರಡು ತಿಂಗಳ ಹಿಂದೆ ಕೇಳಿದ್ದೆನಲ್ಲ, ಕುಂಡದಲ್ಲಿ ಹಾಕಿದ ಗಿಡ್ಡ ತಳಿಯ ಕರಬೂಜದಲ್ಲಿ ಬಳ್ಳಿ ತುಂಬ ಹೂವು, ಒಂದೂ ಕಾಯಿ ಇಲ್ಲ ಅಂತ. ಗೊಬ್ಬರದ ತಪ್ಪು ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಮೊದಮೊದಲು ಬಂದದ್ದೆಲ್ಲ ಬರೀ ಗಂಡು ಹೂವು! ಆಮೇಲೆ ಅಡ್ಡ ಕವಲುಗಳಲ್ಲಿ ಬೇರೆ ಥರದ ಹೂ ಬಂತು. ದಳದ ಕೆಳಗೆ ಕಡಲೆಕಾಳಿನಷ್ಟು ಹಸಿರು ಉಬ್ಬು, ಮೇಲೆಲ್ಲ ನವಿರು ರೋಮ. ಕಾಯಿ ಆಗುವುದು ಅದೇ.

ನೀವು ಹೇಳಿದ ಹಾಗೆ ಬೆಳಗ್ಗೆ ಬೇಗ ಎದ್ದು ಗಂಡು ಹೂ ಕಿತ್ತು, ದಳ ಬಿಡಿಸಿ, ಪರಾಗವನ್ನು ಆ ಹೂವಿನ ಮಧ್ಯಕ್ಕೆ ಮೆಲ್ಲಗೆ ಸವರಿದೆ. ಏಳರಲ್ಲಿ ನಾಲ್ಕು ನಿಂತವು. ಉಳಿದವು ಹಳದಿಯಾಗಿ ಉದುರಿದವು. ಕಾಯಿ ಭಾರವಾದಾಗ ಹಳೇ ಬನಿಯನ್ ಹರಿದು ಜೋಲಿ ಕಟ್ಟಿದೆ. ನೋಡಲು ತೊಟ್ಟಿಲಿನ ಹಾಗಿತ್ತು, ಮನೆಯವರು ಈಗಲೂ ನಗುತ್ತಾರೆ.

ಒಂದು ಎಡವಟ್ಟೂ ಆಯಿತು. ಸಿಪ್ಪೆ ಮೇಲೆ ಬಲೆಯಂಥ ಗೆರೆ ಮೂಡಿದ್ದೇ ತಡ, ಹಣ್ಣಾಯಿತು ಅಂತ ಒಂದನ್ನು ಕತ್ತರಿಸಿಬಿಟ್ಟೆ. ಸಪ್ಪೆ, ಸೌತೆಕಾಯಿ ತಿಂದ ಹಾಗೆ. ಕಿತ್ತ ಮೇಲೆ ಇದು ಮೆತ್ತಗಾಗುತ್ತದೆ, ಸಿಹಿ ಮಾತ್ರ ಜಾಸ್ತಿ ಆಗುವುದಿಲ್ಲ. ಹಾಗಾಗಿ ಎರಡನೆಯದಕ್ಕೆ ಕಾದೆ. ಬಲೆಯ ಅಡಿಯ ಸಿಪ್ಪೆಯ ಹಸಿರು ಹೋಗಿ ಹಳದಿ ಬಂತು, ತೊಟ್ಟಿನ ಸುತ್ತ ಸಣ್ಣ ಬಿರುಕು ಬಿಟ್ಟಿತು. ಹೆಬ್ಬೆರಳಲ್ಲಿ ಸ್ವಲ್ಪ ಒತ್ತಿದ್ದೇ ಕೈಗೆ ಬಂತು. ಕೊನೆಯ ವಾರ ನೀರು ಕಡಿಮೆ ಮಾಡಿದ್ದೂ ಒಳ್ಳೆಯದಾಯಿತು ಅನಿಸುತ್ತದೆ. ಅಂಗೈಯಗಲದ ಹಣ್ಣು, ಆದರೆ ಘಮ ಅಡುಗೆಮನೆ ತುಂಬ!

ಎಲೆಗಳ ಮೇಲೆ ಈಗ ಬಿಳಿ ಬೂದಿ ರೋಗ ಶುರುವಾಗಿದೆ. ಹೆಚ್ಚು ಹಿಡಿದ ಎಲೆಗಳನ್ನು ತೆಗೆದಿದ್ದೇನೆ. ಇನ್ನೂ ಎರಡು ಕಾಯಿ ಜೋಲಿಯಲ್ಲಿವೆ.