ಬಿಷಪ್ ಬೆರ್ನ್‌ವಾರ್ಡ್: ಗಾಂಡರ್ಸ್‌ಹೈಮ್ ಜಗಳ, ಕಂಚಿನ ಬಾಗಿಲು

ಪ್ರಶ್ನೆ: ಜರ್ಮನಿಯ ಹಿಲ್ಡೆಸ್‌ಹೈಮ್‌ನ ಬೆರ್ನ್‌ವಾರ್ಡ್ ಸ್ಯಾಕ್ಸನಿಯ ಕುಲೀನ ಮನೆತನದವರು, ಬಾಲರಾಜ 3ನೇ ಓಟ್ಟೋಗೆ ಪಾಠ ಹೇಳಿದವರು, 993ರಲ್ಲಿ ಬಿಷಪ್ ಆದವರು. ಇಷ್ಟು ಗೊತ್ತು. ಮೈನ್ಸ್‌ನ ಆರ್ಚ್‌ಬಿಷಪ್ ವಿಲ್ಲಿಗಿಸ್ ಜೊತೆ ಜಗಳ ಯಾಕೆ? ಬೆರ್ನ್‌ವಾರ್ಡ್ ಮಾಡಿಸಿದ ಕಂಚಿನ ಬಾಗಿಲ ಒಂದೊಂದು ಕದವೂ ಒಂದೇ ಎರಕವೇ?

ಉತ್ತರ 1: ಗಾಂಡರ್ಸ್‌ಹೈಮ್ ಮಠ ಮೈನ್ಸ್, ಹಿಲ್ಡೆಸ್‌ಹೈಮ್ ಎರಡೂ ಧರ್ಮಪ್ರಾಂತ್ಯಗಳ ಗಡಿಯಲ್ಲಿತ್ತು. ಅಲ್ಲಿದ್ದ ಸೋಫಿಯಾ ಓಟ್ಟೋನ ಅಕ್ಕ. ಆಕೆ ವಿಲ್ಲಿಗಿಸ್ ಪರ. ಹೊಸ ಚರ್ಚಿನ ಪ್ರತಿಷ್ಠೆ ಯಾರು ಮಾಡಬೇಕು ಅನ್ನೋದಕ್ಕೆ 1000ದಲ್ಲಿ ಜಗಳ ಭುಗಿಲೆದ್ದಿತು. ಬೆರ್ನ್‌ವಾರ್ಡ್ ನೇರ ರೋಮ್‌ಗೆ ಹೋದರು. 1001ರಲ್ಲಿ ಅಲ್ಲಿ ನಡೆದ ಧರ್ಮಸಭೆ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಆದರೂ ಮೈನ್ಸ್ ಬಗ್ಗಲಿಲ್ಲ. 1007ರಲ್ಲಿ ರಾಜ 2ನೇ ಹೆನ್ರಿ ನಡುವೆ ಬಂದ ಮೇಲೆಯೇ ವಿಲ್ಲಿಗಿಸ್ ಹಕ್ಕು ಬಿಟ್ಟದ್ದು. ತೀರ್ಪಿಗಿಂತ ರಾಜನ ಮಾತೇ ನಡೆಯಿತು ಅನ್ನಿ.

ಉತ್ತರ 2: ಹೌದು, ಒಂದೇ ಎರಕ. ಎತ್ತರ 4.72 ಮೀಟರ್, ಒಟ್ಟು 16 ಚಿತ್ರಫಲಕ, ಬಾಗಿಲ ಮೇಲೆ ಕೆತ್ತಿರುವ ವರ್ಷ 1015. ಮೇಣದ ಮಾದರಿಗೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಜಾಗಕ್ಕೆ ಕಂಚು ಹೊಯ್ಯುವ ಪದ್ಧತಿ. ಅಚ್ಚಿನಲ್ಲಿ ತೇವ ಉಳಿದರೆ ಹಬೆ ಎದ್ದು ಲೋಹದಲ್ಲಿ ತೂತು ಬೀಳುತ್ತೆ. ಹೊಯ್ಯುವುದು ತಡವಾದರೆ ಕಂಚು ಅರ್ಧದಲ್ಲೇ ಹೆಪ್ಪುಗಟ್ಟುತ್ತೆ. ಇಷ್ಟು ದೊಡ್ಡ ಕದಕ್ಕೆ ಎರಡೂ ಅಪಾಯ ಹೆಚ್ಚು.

ಉತ್ತರ 3: ಫಲಕಗಳನ್ನು ಓದುವ ಕ್ರಮ ಗಮನಿಸಿ: ಎಡಗದ ಮೇಲಿಂದ ಕೆಳಕ್ಕೆ, ಸೃಷ್ಟಿಯಿಂದ ಆದಾಮನ ಮಗ ಆಬೆಲ್ ಕೊಲೆವರೆಗೆ, ಬಲಗದ ಕೆಳಗಿಂದ ಮೇಲಕ್ಕೆ, ಕ್ರಿಸ್ತನ ಕಥೆ. ನಿಷೇಧಿಸಿದ ಹಣ್ಣು ತಿಂದದ್ದಕ್ಕೆ ದೇವರು ವಿಚಾರಿಸುವ ಫಲಕವಂತೂ ಸೊಗಸು: ದೇವರು ಆದಾಮನತ್ತ ಬೆರಳು ಮಾಡಿದರೆ ಅವನು ಹವ್ವಳತ್ತ, ಅವಳು ಕಾಲಬುಡದ ಸರ್ಪದತ್ತ.