ಕಿರಿಕಿರಿಯಿಲ್ಲದ ವೇಪ್ ಯಾವುದು? ಬಳಸಿದವರ ಅನುಭವ

ಪ್ರಶ್ನೆ: ಸಿಗರೇಟ್ ಬಿಟ್ಟು ವೇಪ್ (ಇ-ಸಿಗರೇಟ್) ಹಿಡಿದಿದ್ದೇನೆ. ಆದರೆ ಇದರ ಚಾಕರಿ ಮಾಡಿಯೇ ಸಾಕಾಗಿದೆ. ಒಂದು ದಿನ ಸೋರುತ್ತದೆ, ಇನ್ನೊಂದು ದಿನ ಸುಟ್ಟ ರುಚಿ, ಮತ್ತೊಂದು ದಿನ ಎಷ್ಟು ಎಳೆದರೂ ಆನ್ ಆಗುವುದೇ ಇಲ್ಲ. ದೊಡ್ಡ ಹೊಗೆ ಬೇಡ, ಬಣ್ಣದ ಸ್ಕ್ರೀನ್ ಬೇಡ. ಜೇಬಿಗೆ ಹಾಕಿಕೊಂಡರೆ ಅದರ ಯೋಚನೆಯೇ ಬರಬಾರದು. ಅಂಥದ್ದು ಯಾವುದಿದೆ?

ಉತ್ತರ 1

ನಾನೂ ಸಿಗರೇಟಿನಿಂದಲೇ ಇತ್ತ ಬಂದವನು. ನನ್ನ ಮಟ್ಟಿಗೆ ನಿಮ್ಮ ತೊಂದರೆಗಳಲ್ಲಿ ಹೆಚ್ಚಿನವು ಸಾಧನದ್ದಲ್ಲ, ಅದಕ್ಕೆ ಹಾಕುವ ಲಿಕ್ವಿಡ್‌ನದ್ದು. ಹೊಸದು ಕೊಳ್ಳುವ ಮುಂಚೆ ಕೈಯಲ್ಲಿರುವ ಬಾಟಲಿಯ ಲೇಬಲ್ ಒಮ್ಮೆ ಓದಿ.

ಅಲ್ಲಿ ಪಿಜಿ, ವಿಜಿ ಅಂತ ಎರಡು ಅಂಕಿ ಇರುತ್ತವೆ. ಪಿಜಿ ಅಂದರೆ ಪ್ರೊಪಿಲೀನ್ ಗ್ಲೈಕಾಲ್, ಅದು ತೆಳು. ವಿಜಿ ಅಂದರೆ ವೆಜಿಟೆಬಲ್ ಗ್ಲಿಸರಿನ್, ಅದು ಮಂದ. ಪಾಡ್ ಅಂದರೆ ಲಿಕ್ವಿಡ್ ತುಂಬಿ ಸಾಧನಕ್ಕೆ ಸಿಕ್ಕಿಸುವ ಚಿಕ್ಕ ಡಬ್ಬಿ, ಕಾಯಿಲ್ ಅಂದರೆ ಅದರೊಳಗೆ ಲಿಕ್ವಿಡ್ ಬಿಸಿ ಮಾಡುವ ತಂತಿ, ಹತ್ತಿ ಇರುವ ಭಾಗ. ಸಣ್ಣ ಪಾಡ್‌ಗಳ ಕಾಯಿಲ್‌ನಲ್ಲಿ ಹತ್ತಿಗೆ ಲಿಕ್ವಿಡ್ ಹೋಗುವ ತೂತು ತುಂಬಾ ಚಿಕ್ಕದು. ಅದಕ್ಕೆ 70% ವಿಜಿ ಇರುವುದನ್ನು ಹಾಕಿದರೆ ಹತ್ತಿ ನೆನೆಯುವ ಮೊದಲೇ ನೀವು ಇನ್ನೊಮ್ಮೆ ಎಳೆದಿರುತ್ತೀರಿ. ಒಣಗಿದ ಹತ್ತಿ ಸುಡುತ್ತದೆ. ಒಮ್ಮೆ ಸುಟ್ಟ ಮೇಲೆ ಆ ರುಚಿ ಏನು ಮಾಡಿದರೂ ಹೋಗುವುದಿಲ್ಲ, ಕಾಯಿಲ್ ಎಸೆಯಲೇಬೇಕು. ಇದರ ಉಲ್ಟಾನೂ ನಿಜ. ದೊಡ್ಡ ಹೊಗೆಗೆಂದೇ ಮಾಡಿದ, ದೊಡ್ಡ ತೂತಿನ ಸಬ್‌ಓಮ್ ಕಾಯಿಲ್‌ಗೆ ತೆಳುವಾದ 50/50 (ಪಿಜಿ, ವಿಜಿ ಅರ್ಧರ್ಧ) ಹಾಕಿದರೆ ಅದು ನಿಲ್ಲದೆ ಕೆಳಗಿಳಿದು ಸೋರುತ್ತದೆ. ನಿಮಗೆ ದೊಡ್ಡ ಹೊಗೆ ಬೇಡ ಅಂದಮೇಲೆ ಸಣ್ಣ ಪಾಡ್ ಸಾಕು, ಅದಕ್ಕೆ 50/50 ಸರಿಯಾದ ಜೋಡಿ.

ಎರಡನೆಯದು ಸಿಹಿ. ಇದರ ಬಗ್ಗೆ ಯಾರೂ ಹೊಸಬರಿಗೆ ಹೇಳುವುದಿಲ್ಲ, ಅದೇ ನನಗೆ ಬೇಸರ. ಬಹಳ ಲಿಕ್ವಿಡ್‌ಗಳಲ್ಲಿ ಸುಕ್ರಲೋಸ್ ಎಂಬ ಸಿಹಿಕಾರಕ ಇರುತ್ತದೆ. ಪಿಜಿ, ವಿಜಿ ಆವಿಯಾಗಿ ಹೋದರೂ ಅದು ಪೂರ್ತಿ ಹೋಗದೆ ತಂತಿಯ ಮೇಲೆ ಕೂರುತ್ತದೆ. ಹಳೆಯ ಕಾಯಿಲ್ ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಮೆಶ್‌ನ (ತಂತಿಯ ಜಾಲರಿಯ) ಕಣ್ಣುಗಳೆಲ್ಲ ಕಪ್ಪು ಕಂದು ಬಣ್ಣದ ಕರಿಯಿಂದ ಮುಚ್ಚಿರುತ್ತವೆ, ತಳ ಹಿಡಿದ ಬೆಲ್ಲದ ಪಾಕದ ಹಾಗೆ. ಹತ್ತಿಯ ಅಂಚು ಮಾತ್ರ ಇನ್ನೂ ಬೆಳ್ಳಗಿರುತ್ತದೆ. ಅಂದರೆ ಹತ್ತಿ ಇನ್ನೂ ಬಾಳುತ್ತಿತ್ತು, ಸಿಹಿ ಅದನ್ನು ಬೇಗ ಮುಗಿಸಿತು. ಸಿಹಿ ಹಾಕದ ತಂಬಾಕು ಅಥವಾ ಪುದೀನ ರುಚಿಯದಕ್ಕೆ ಬದಲಾಯಿಸಿ ನೋಡಿ. ಅದೇ ಕಾಯಿಲ್ ಎಷ್ಟೋ ಪಟ್ಟು ಜಾಸ್ತಿ ಬಾಳುತ್ತದೆ. ನನಗೆ ಗೊತ್ತಿರುವ ಉಪಾಯಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಇನ್ನು ಸಾಧನ. ತುಂಬಿಸಬಹುದಾದ ಪಾಡ್ ಇರಲಿ, ಕಾಯಿಲ್ ಪಾಡ್‌ನೊಳಗೇ ಕೂಡಿಕೊಂಡಿರಲಿ. ರುಚಿ ಕೆಟ್ಟಾಗ ಇಡೀ ಪಾಡ್ ತೆಗೆದು ಇನ್ನೊಂದು ಸಿಕ್ಕಿಸಿದರೆ ಮುಗಿಯಿತು. ಕಾಯಿಲ್ ಬೇರೆಯಾಗಿ ಒತ್ತಿ ಕೂರಿಸುವ ಪಾಡ್‌ಗಳಲ್ಲಿ ಆ ಕೂಡುವ ಜಾಗವೇ ಸೋರಿಕೆಗೆ ಇನ್ನೊಂದು ದಾರಿ. ಮೇಲಿನಿಂದ ತುಂಬಿಸುವಂಥದ್ದು ಒಳ್ಳೆಯದು. ಕಾಯಿಲ್‌ನ ವಿದ್ಯುತ್ ರೋಧ 0.8ರಿಂದ 1.2 ಓಮ್ ಇದ್ದರೆ ಸಿಗರೇಟಿನ ಹಾಗೆ ಮೊದಲು ಬಾಯಿಗೆ, ಆಮೇಲೆ ಒಳಗೆ ಎಳೆಯಬಹುದು. ಇದಕ್ಕೇ ಎಂಟಿಎಲ್ ಅನ್ನುವುದು. ಲಿಕ್ವಿಡ್ ಖರ್ಚೂ ಕಡಿಮೆ. ವೇಪೊರೆಸ್ಸೊ ಎಕ್ಸ್‌ರೋಸ್, ಯುವೆಲ್ ಕ್ಯಾಲಿಬರ್ನ್ ಈ ಜಾತಿಯವು. ಎಕ್ಸ್‌ರೋಸ್‌ನಲ್ಲಿ ನನಗೆ ಹಿಡಿಸಿದ್ದು, ಹೊಸ ಮಾದರಿಯ ಪಾಡ್ ಹಳೆಯದಕ್ಕೂ ಕೂರುತ್ತದೆ. ಕ್ಯಾಲಿಬರ್ನ್‌ನಲ್ಲಿ ಕಾಯಿಲ್ ಕೂಡಿಕೊಂಡಿರುವುದು, ಬೇರೆಯಾಗಿ ಕೂರಿಸುವುದು ಎರಡೂ ಬಗೆಯ ಪಾಡ್ ಇವೆ, ಕೊಳ್ಳುವಾಗ ನೋಡಿಕೊಳ್ಳಿ.

ಹೊಸ ಪಾಡ್ ತುಂಬಿಸಿದ ತಕ್ಷಣ ಎಳೆಯಬೇಡಿ. ಹತ್ತು ನಿಮಿಷ ಸುಮ್ನೆ ಇಡಿ, ಹತ್ತಿ ಪೂರ್ತಿ ನೆನೆಯಲಿ. ಪಾಡ್‌ನ ಜೀವ ನಿರ್ಧಾರವಾಗುವುದೇ ಆ ಹತ್ತು ನಿಮಿಷದಲ್ಲಿ. ಆಮೇಲೂ ಲಿಕ್ವಿಡ್ ಕಾಯಿಲ್‌ನ ತೂತಿಗಿಂತ ಕೆಳಗಿಳಿಯಲು ಬಿಡಬಾರದು.

ಉತ್ತರ 2

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಪಾಡ್ ಎಲ್ಲರಿಗೂ ಹೊಂದುವುದಿಲ್ಲ. ಪ್ರತಿ ಬಾರಿಯೂ ಪ್ಲಾಸ್ಟಿಕ್ ಎಸೆಯುವುದು ನನಗೆ ಆಗದ ಮಾತು. ನಾನು ಬಳಸುವುದು ಆಸ್ಪೈರ್ ನಾಟಿಲಸ್ ಟ್ಯಾಂಕ್, ಅಂದರೆ ಕಾಯಿಲ್ ಮಾತ್ರ ಬದಲಿಸುತ್ತಾ ಬಳಸುವ ಲಿಕ್ವಿಡ್ ಪಾತ್ರೆ. ಅದು 2013ರಲ್ಲಿ ಬಂದದ್ದು. ಅದರ ಕಾಯಿಲ್‌ಗಳು ಆಮೇಲೆ ಬಂದ ನಾಟಿಲಸ್ 2, 3ಕ್ಕೂ ಕೂರುತ್ತವೆ. ಸಾಧನ ಕೊಳ್ಳುವಾಗ ಎಲ್ಲರೂ ಬ್ಯಾಟರಿ, ಬಣ್ಣ ನೋಡುತ್ತಾರೆ. ನಾನು ನೋಡುವುದು ಒಂದೇ: ಇದರ ಕಾಯಿಲ್ ಮುಂದೆಯೂ ಸಿಗುತ್ತದಾ? ಚೆನ್ನಾಗಿರುವ ಸಾಧನ ಕಾಯಿಲ್ ಸಿಗದೆ ಮೂಲೆ ಸೇರುವುದು ತುಂಬಾ ಸಾಮಾನ್ಯ.

ನನ್ನದರಲ್ಲಿ ಬ್ಯಾಟರಿ ಬಿಚ್ಚಿ ಹಾಕುವ 18650 ಅನ್ನುವ ಲಿಥಿಯಂ ಸೆಲ್. ಒಂದು ಮುಗಿದರೆ ಇನ್ನೊಂದು ಹಾಕಿ ಮುಂದುವರಿಯಬಹುದು. ಹೀಗೆ ಬಳಸುವವರು ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಸೆಲ್‌ನ ಮೇಲಿನ ಪ್ಲಾಸ್ಟಿಕ್ ಸುತ್ತು ಹರಿದಿದ್ದರೆ ಅದನ್ನು ಬಳಸಲೇಬಾರದು. ಸೆಲ್ ಅನ್ನು ಬಿಡಿಯಾಗಿ ಕೀಲಿಕೈ, ನಾಣ್ಯಗಳ ಜೊತೆ ಜೇಬಿಗೆ ಹಾಕಲೂ ಬಾರದು. ಶಾರ್ಟ್ ಆದರೆ ಬೆಂಕಿ ಹತ್ತಿಕೊಳ್ಳುತ್ತದೆ. ಇಷ್ಟು ಎಚ್ಚರ ಬೇಡ ಅನ್ನಿಸಿದರೆ ಒಳಗೇ ಬ್ಯಾಟರಿ ಇರುವುದೇ ನಿಮಗೆ ವಾಸಿ. 1000 ಎಂಎಎಚ್ ಆಸುಪಾಸು ಇದ್ದರೆ ಎಂಟಿಎಲ್ ಪಾಡ್‌ಗೆ ಬೇಕಾದಷ್ಟಾಯಿತು.

ಉತ್ತರ 3

ಎಳೆದರೂ ಆನ್ ಆಗುವುದಿಲ್ಲ ಅಂದಿರಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಬಟನ್ ಇಲ್ಲದ ಸಾಧನದಲ್ಲಿ ಗಾಳಿಯ ಎಳೆತ ಗುರುತಿಸುವ ಚಿಕ್ಕ ಸೆನ್ಸರ್ ಇರುತ್ತದೆ. ಆವಿ ತಣ್ಣಗಾಗಿ ಹನಿಗಟ್ಟಿ ಪಾಡ್‌ನ ಅಡಿಯಲ್ಲಿ ನಿಲ್ಲುತ್ತದೆ. ಆ ಹನಿ ಸೆನ್ಸರ್‌ನ ದಾರಿಗೆ ಇಳಿದರೆ ಆನ್ ಆಗುವುದಿಲ್ಲ, ಕೆಲವೊಮ್ಮೆ ತನ್ನಷ್ಟಕ್ಕೇ ಆನ್ ಆಗಿಬಿಡುತ್ತದೆ. ಎರಡನೆಯದು ಅಪಾಯ, ಕೂಡಲೇ ಪಾಡ್ ಕಿತ್ತುಬಿಡಿ. ಮದ್ದು ಸುಲಭ. ಲಿಕ್ವಿಡ್ ತುಂಬಿಸುವಾಗಲೆಲ್ಲ ಪಾಡ್ ಹೊರತೆಗೆದು, ಅದರ ಅಡಿಯನ್ನೂ ಗುಳಿಯ ಒಳಗಿನ ಬಂಗಾರದ ಬಣ್ಣದ ಪಿನ್‌ಗಳನ್ನೂ ಟಿಶ್ಯೂನಿಂದ ಒರೆಸಿ. ಅರ್ಧ ನಿಮಿಷದ ಕೆಲಸ. ಬಟನ್ ಕೂಡ ಇರುವ ಮಾದರಿ ತೆಗೆದುಕೊಂಡರೆ ಸೆನ್ಸರ್ ಕೈಕೊಟ್ಟ ದಿನ ಬಟನ್ ಒತ್ತಿ ಎಳೆಯಬಹುದು.

ನೀವು ಸೋರಿಕೆ ಅಂತ ಅಂದುಕೊಂಡಿರುವುದು ಬಹುಶಃ ಈ ಹನಿಯೇ. ನಿಜವಾಗಿ ಸೋರಿದರೆ ಪಾಡ್‌ನಲ್ಲಿ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದಿರುತ್ತದೆ. ಇನ್ನೊಂದು, ಜೋರಾಗಿ ಎಳೆಯಬೇಡಿ. ಸಿಗರೇಟ್ ಸೇದಿದವರಿಗೆ ಚಿಕ್ಕದಾಗಿ, ಗಟ್ಟಿಯಾಗಿ ಎಳೆಯುವ ಅಭ್ಯಾಸ ಇರುತ್ತದೆ ಅಲ್ವಾ, ಅದು ಇಲ್ಲಿ ಲಿಕ್ವಿಡ್ ಅನ್ನೇ ಕಾಯಿಲ್‌ನೊಳಗೆ ಎಳೆದು ಗುಳುಗುಳು ಅನ್ನಿಸುತ್ತದೆ. ನಿಧಾನವಾಗಿ, ಉದ್ದವಾಗಿ ಎಳೆಯಿರಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಲಿಕ್ವಿಡ್ ತೆಳುವಾಗಿ ಸೋರುತ್ತದೆ. ವಿಮಾನದಲ್ಲಿ ಗಾಳಿಯ ಒತ್ತಡ ಇಳಿದಾಗ ಪಾಡ್‌ನೊಳಗಿನ ಗಾಳಿ ಹಿಗ್ಗಿ ಲಿಕ್ವಿಡ್ ಅನ್ನು ಹೊರಗೆ ದೂಡುತ್ತದೆ. ಹತ್ತುವ ಮುಂಚೆ ಪಾಡ್ ಖಾಲಿ ಮಾಡಿ. ಸಾಧನ ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಸಾಮಾನಿನಲ್ಲಿ ಬಿಡುವುದಿಲ್ಲ. ಹೋಗುವ ದೇಶದ ಕಾನೂನು ಮೊದಲೇ ನೋಡಿಕೊಳ್ಳಿ. ಕೆಲವು ಕಡೆ ಪೂರ್ತಿ ನಿಷೇಧ ಇದೆ. ಭಾರತದಲ್ಲಂತೂ 2019ರಿಂದ ಮಾರಾಟ, ಆಮದು, ಜಾಹೀರಾತು ಎಲ್ಲಕ್ಕೂ ನಿಷೇಧ.

ಉತ್ತರ 4

ನಾನು ನಿಕೋಟಿನ್ ಬಗ್ಗೆ ಮಾತ್ರ ಹೇಳುತ್ತೇನೆ, ಚಾಕರಿಗೂ ಅದಕ್ಕೂ ನೇರ ಸಂಬಂಧ ಇದೆ. ನಿಕೋಟಿನ್ ಕಡಿಮೆಯಾದರೆ ಮನಸ್ಸು ತಣಿಯುವುದಿಲ್ಲ, ಬಿಡದೆ ಎಳೆಯುತ್ತೀರಿ, ಹತ್ತಿಗೆ ನೆನೆಯಲು ಸಮಯ ಸಿಗುವುದಿಲ್ಲ. ಅಲ್ಲಿಂದಲೇ ಸುಟ್ಟ ರುಚಿ ಶುರು. ನಿಕೋಟಿನ್ ಸಾಲ್ಟ್ (ಆಮ್ಲ ಸೇರಿಸಿದ ನಿಕೋಟಿನ್) ಇರುವ ಲಿಕ್ವಿಡ್ ಗಂಟಲಿಗೆ ಅಷ್ಟು ಒರಟಾಗಿರುವುದಿಲ್ಲ, ಹಾಗಾಗಿ ಸಣ್ಣ ಪಾಡ್‌ನಲ್ಲೇ ಬೇಕಾದಷ್ಟು ಸಿಗುತ್ತದೆ. ಯುರೋಪಿನ ಒಕ್ಕೂಟದಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂ ಮಿತಿ ಇದೆ. ಸಿಗರೇಟ್ ಜಾಸ್ತಿ ಸೇದುತ್ತಿದ್ದವರು ಅದರ ಹತ್ತಿರದಿಂದಲೇ ಶುರು ಮಾಡುವುದು ಒಳ್ಳೆಯದು. ಮತ್ತೆ ಸಿಗರೇಟಿಗೆ ಕೈ ಹೋಗಬಾರದು, ಅದೇ ಮುಖ್ಯ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಬಿಟ್ಟ ಲಾಭವೇ ಇಲ್ಲ.

ಲೇಬಲ್ ಇಲ್ಲದ ಬಾಟಲಿ, ಯಾರೋ ತುಂಬಿಸಿ ಕೊಟ್ಟ ಕಾರ್ಟ್ರಿಜ್ ಮುಟ್ಟಬೇಡಿ. 2019ರಲ್ಲಿ ಅಮೆರಿಕದಲ್ಲಿ ಎಷ್ಟೋ ಜನರ ಶ್ವಾಸಕೋಶ ಕೆಟ್ಟದ್ದು ಬಹುಪಾಲು ಕಳ್ಳಮಾರ್ಗದ ಗಾಂಜಾ ಕಾರ್ಟ್ರಿಜ್‌ಗಳಲ್ಲಿದ್ದ ವಿಟಮಿನ್ ಇ ಅಸಿಟೇಟ್‌ನಿಂದ. ಮನೆಯಲ್ಲಿ ಮಕ್ಕಳು, ಸಾಕುಪ್ರಾಣಿ ಇದ್ದರೆ ಬಾಟಲಿಗೆ ಬೀಗ ಹಾಕಿಡಿ. ನಿಕೋಟಿನ್ ಕುಡಿದರೆ ವಿಷ, ಚರ್ಮದ ಮೇಲೆ ಚೆಲ್ಲಿದರೂ ಒಳಗೆ ಹೋಗುತ್ತದೆ, ತಕ್ಷಣ ತೊಳೆಯಿರಿ.

ವೇಪ್ ಕೂಡ ಬಿಡುವ ಯೋಚನೆ ಇದ್ದರೆ ಸಾಧನ ಬದಲಿಸಬೇಕಾಗಿಲ್ಲ. ಪಾಡ್ ಅದೇ ಇರಲಿ, ಲಿಕ್ವಿಡ್‌ನಲ್ಲಿರುವ ನಿಕೋಟಿನ್ ಇಳಿಸುತ್ತಾ ಬನ್ನಿ. ಒಂದೇ ರುಚಿಯ 20 ಮತ್ತು 10 ಮಿಲಿಗ್ರಾಂ ಬಾಟಲಿಗಳನ್ನು ಸಮವಾಗಿ ಬೆರೆಸಿದರೆ 15 ಆಗುತ್ತದೆ. ಅದರಲ್ಲಿ ಆರಾಮಾಗಿದ್ದೀರಿ ಅನ್ನಿಸಿದ ಮೇಲೆ ಬರೀ 10ಕ್ಕೆ ಹೋಗಿ. ಪದೇ ಪದೇ ಎಳೆಯುವ ಹಾಗೆ ಆಗುತ್ತಿದ್ದರೆ ಬೇಗ ಇಳಿಸಿದಿರಿ ಅಂತ ಅರ್ಥ, ಮತ್ತೆ 15ಕ್ಕೆ ಬಂದು ಇನ್ನೂ ಸ್ವಲ್ಪ ದಿನ ಅಲ್ಲೇ ಇರಿ.