ಸೈರನ್ ಹೊಡೆದುಕೊಂಡರೆ ಯಾರು ಏಳುತ್ತೀರಿ?

ಮನೆ 23, ಎರಡನೇ ಕ್ರಾಸ್
ನಮ್ಮ ಓಣಿಯ ಮೊಬೈಲ್ ಗುಂಪಿನ ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಳವಾಗಿದ್ದು ಎಲ್ಲರಿಗೂ ಗೊತ್ತೇ ಇದೆ. ನಾಲ್ಕು ದಿನದಿಂದ ಬಂದು ಸಮಾಧಾನ ಹೇಳಿದ್ದೀರಿ, ರೊಟ್ಟಿ ಪಲ್ಯ ಕಳಿಸಿದ್ದೀರಿ. ನಿಮ್ಮ ಋಣ ದೊಡ್ಡದು. ಇವತ್ತು ಬೇರೆ ಒಂದು ಮಾತು ಆಡಬೇಕಿದೆ.

ನಮ್ಮ ಮನೆಗೆ ಅಲಾರಂ ಇತ್ತು. ಅದು ಕೆಟ್ಟಿರಲಿಲ್ಲ. ಹಿತ್ತಲ ಬಾಗಿಲಿನ ಚಿಲಕ ಮೀಟಿದ ಕೂಡಲೇ ಸೈರನ್ ಹೊಡೆದುಕೊಂಡಿದೆ. ರಾತ್ರಿ 2 ಗಂಟೆ 47 ನಿಮಿಷಕ್ಕೆ ನನ್ನ ಮೊಬೈಲಿಗೆ ಕರೆಯೂ ಬಂದಿದೆ. ನಾವು ಬಾದಾಮಿಯಲ್ಲಿ ಮದುವೆ ಮನೆಯಲ್ಲಿದ್ದೆವು. ಮೊಬೈಲ್ ಸೀರೆ ಬ್ಯಾಗಿನ ತಳದಲ್ಲಿತ್ತು. ಬೆಳಿಗ್ಗೆ ತೆಗೆದು ನೋಡಿದರೆ ಒಂದೇ ನಂಬರಿನಿಂದ ನಾಲ್ಕು ಮಿಸ್ಡ್ ಕಾಲ್. ಅದು ನಮ್ಮದೇ ಮನೆಯ ಅಲಾರಂ ಪೆಟ್ಟಿಗೆಯಲ್ಲಿದ್ದ ಸಿಮ್ಮಿನ ನಂಬರು. ನೋಡಿ ಕೈಕಾಲು ತಣ್ಣಗಾದವು.

ಆ ರಾತ್ರಿ ಸೈರನ್ ಯಾರಿಗೆ ಕೇಳಿಸಿತು? ಯಾರನ್ನೂ ಬೈಯುವುದಕ್ಕೆ ಕೇಳುತ್ತಿಲ್ಲ. ಇನ್ನೊಂದು ಮನೆಗೆ ಹೀಗಾಗಬಾರದು, ಅದಕ್ಕೆ ಕೇಳುತ್ತಿದ್ದೇನೆ.

ಮನೆ 24, ಎರಡನೇ ಕ್ರಾಸ್
ತಂಗೀ, ನನಗೆ ಕೇಳಿಸಿತು. ಸುಳ್ಳು ಹೇಳಲಾರೆ. ಸೆಕೆ ಅಂತ ನಾವಿಬ್ಬರೂ ಮಾಳಿಗೆ ಮೇಲೆ ಮಲಗಿದ್ದೆವು. ಎದ್ದು ಕೂತೆ ಕೂಡ. "31ರ ಮನೆಯದು ಇರಬೇಕು, ದಿನಾ ಇದ್ದದ್ದೇ" ಅಂದರು ನಿಮ್ಮ ವೈನಿ. ನಾನೂ ಹೌದಂತ ಮಗ್ಗಲು ಬದಲಿಸಿದೆ. ಹತ್ತು ಹೆಜ್ಜೆ ನಡೆದು ಗೋಡೆ ಮೇಲಿಂದ ಬಗ್ಗಿ ನೋಡಿದ್ದರೆ ನಿಮ್ಮ ಹಿತ್ತಲು ಪೂರ್ತಿ ಕಾಣುತ್ತಿತ್ತು. ಆವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಮನೆ 31, ಮೂರನೇ ಕ್ರಾಸ್
ಮಾಸ್ತರ್, ಇದರಲ್ಲಿ ನಮ್ಮ ತಪ್ಪೇ ಜಾಸ್ತಿ. ಎರಡು ತಿಂಗಳಿಂದ ನಮ್ಮ ಸೈರನ್ ವಾರಕ್ಕೆ ಎರಡು ಮೂರು ಸಲ ಸುಮ್ಸುಮ್ನೆ ಕೂಗುತ್ತಿದೆ. ಕೂರಿಸಿದವರು "ನಾಳೆ ಬರ್ತೀವಿ" ಅನ್ನುತ್ತಲೇ ಇದ್ದಾರೆ. ನಾವೂ ಬಟನ್ ಒತ್ತಿ ಬಂದ್ ಮಾಡಿ ಮಲಗುತ್ತಿದ್ದೆವು. ಓಣಿಗೆಲ್ಲ ಅದು ರೂಢಿ ಆಗಿಬಿಟ್ಟಿದೆ ಅನ್ನುವುದು ಹೊಳೆಯಲೇ ಇಲ್ಲ. ಅಕ್ಕಾ, ಕ್ಷಮಿಸಿ.

ಮನೆ 19, ಎರಡನೇ ಕ್ರಾಸ್
ನನ್ನ ಕೆಲಸವೇ ವೈರಿಂಗ್, ಇನ್ವರ್ಟರ್, ಅಲಾರಂ ಕೂರಿಸುವುದು. ನಿನ್ನೆ 31ರ ಕಾಕಾ ಅವರ ಮನೆಗೆ ಹೋಗಿ ನೋಡಿ ಬಂದೆ. ಎಲ್ಲರಿಗೂ ಉಪಯೋಗ ಆಗಲಿ ಅಂತ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಪಡಸಾಲೆಯ ಮೂಲೆಯಲ್ಲಿ ಬಿಳಿ ಡಬ್ಬಿ ಇರುತ್ತದಲ್ಲ, ಅದು ಪಿಐಆರ್ ಸೆನ್ಸರ್. ಅದು ಕ್ಯಾಮೆರಾ ಅಲ್ಲ. ಮನುಷ್ಯನ ಮೈಶಾಖ ಓಡಾಡುವುದನ್ನು ಅದು ಗುರುತಿಸುತ್ತದೆ. ಕಾಕಾ ಅವರ ಮನೆಯಲ್ಲಿ ಅದನ್ನು ಪೂರ್ವದ ಕಿಟಕಿಗೆ ಎದುರಾಗಿ ಹೊಡೆದಿದ್ದಾರೆ. ಬೆಳಿಗ್ಗೆ ಬಿಸಿಲು ನೇರ ಅದರ ಮೇಲೆ. ಮಗ್ಗುಲಲ್ಲೇ ಕೂಲರ್, ಅದರ ಗಾಳಿಗೆ ಪರದೆ ಹಾರಾಡುತ್ತದೆ. ಇಷ್ಟು ಸಾಲದ್ದಕ್ಕೆ ಡಬ್ಬಿಯ ಹಿಂದೆ ಹಲ್ಲಿ ಮನೆ ಮಾಡಿದೆ. ರಾತ್ರಿ ಹುಳ ಹಿಡಿಯಲು ಅದು ಸೆನ್ಸರಿನ ಮುಖದ ಮೇಲೇ ಹರಿದಾಡುತ್ತದೆ. ಅಷ್ಟು ಹತ್ತಿರ ಬಂದರೆ ಹಲ್ಲಿಯೂ ಅದಕ್ಕೆ ದೊಡ್ಡದೇ. ಕೂಗದೆ ಇನ್ನೇನು ಮಾಡುತ್ತದೆ?

ಇನ್ನೊಂದು ಮಾತು ನಮ್ಮ ವಿಜಯಪುರದವರಿಗೇ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಕೀಲಿ ಹಾಕಿದ ಆರ್‌ಸಿಸಿ ಮನೆ ಒಳಗೆ ಒಲೆ ಇದ್ದ ಹಾಗೆ. ನಮ್ಮ ಮೈಶಾಖ 37. ಕೋಣೆಯೂ ಅಷ್ಟೇ ಬಿಸಿ ಇದ್ದರೆ ಗೋಡೆ ಯಾವುದು, ಮನುಷ್ಯ ಯಾರು ಅಂತ ಸೆನ್ಸರಿಗೆ ತಿಳಿಯುವುದು ಕಷ್ಟ. ಅಂದರೆ ಎಲ್ಲರೂ ಊರಿಗೆ ಹೋಗುವ ಸೂಟಿಯಲ್ಲೇ ಅದರ ಕಣ್ಣು ಮಂದ. ಆದ್ದರಿಂದ ಅದೊಂದನ್ನೇ ನಂಬಬೇಡಿ. ಮೊದಲು ಬಾಗಿಲು, ಕಿಟಕಿಗಳಿಗೆ ಮ್ಯಾಗ್ನೆಟ್ ಸೆನ್ಸರ್ ಹಾಕಿಸಿ. ಒಂದು ತುಂಡು ಚೌಕಟ್ಟಿಗೆ, ಇನ್ನೊಂದು ಬಾಗಿಲಿಗೆ. ಎರಡೂ ದೂರವಾದರೆ ಸೈರನ್. ಇದಕ್ಕೆ ಸೆಕೆಯೂ ಇಲ್ಲ, ಹಲ್ಲಿಯೂ ಇಲ್ಲ. ಆದರೆ ಬೇಸಿಗೆಗೆ ಕಟ್ಟಿಗೆ ಒಣಗಿ ಬಾಗಿಲು ಸಡಿಲಾಗುತ್ತದೆ. ಗಾಳಿಗೆ ಅಲ್ಲಾಡಿದರೂ ಕೂಗಬಹುದು. ಮೊದಲು ಬಡಿಗೇರರನ್ನು ಕರೆಸಿ ಬಾಗಿಲು ಬಿಗಿ ಮಾಡಿಸಿ.

ಪಿಐಆರ್ ಇರಲಿ, ಎರಡನೇ ಕಾವಲಿಗೆ. ಏಳಡಿ ಎತ್ತರದಲ್ಲಿ, ಒಳಬಂದವನು ಅದರ ಮುಂದೆ ಅಡ್ಡ ಹಾಯುವ ಹಾಗೆ ಮೂಲೆಯಲ್ಲಿ ಕೂರಿಸಬೇಕು. ನೇರ ಎದುರಿಗೆ ನಡೆದು ಬರುವವನನ್ನು ಅದು ತಡವಾಗಿ ಗುರುತಿಸುತ್ತದೆ.

ಮನೆ 40, ನಾಲ್ಕನೇ ಕ್ರಾಸ್
ಇಷ್ಟೆಲ್ಲ ತಲೆಬಿಸಿ ಯಾಕೆ? ಎಲ್ಲರೂ ದುಡ್ಡು ಹಾಕಿ ನಾಲ್ಕೂ ಕ್ರಾಸಿಗೆ ಕ್ಯಾಮೆರಾ ಹಾಕಿಸೋಣ.

ಮನೆ 23, ಎರಡನೇ ಕ್ರಾಸ್
ಸರ್, ಕ್ಯಾಮೆರಾ ಬೇಡ ಅನ್ನುವುದಿಲ್ಲ. ನಮ್ಮ ಗೇಟಿಗೂ ಒಂದಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಇಬ್ಬರು ಒಳಗೆ ಹೋಗುವುದು, ಹದಿನಾರು ನಿಮಿಷ ಬಿಟ್ಟು ಹೊರಗೆ ಬರುವುದು, ಎಲ್ಲ ಚೆನ್ನಾಗಿ ರೆಕಾರ್ಡ್ ಆಗಿದೆ. ಪೊಲೀಸರ ತನಿಖೆಗೆ ಅದು ಬೇಕು. ಆದರೆ ಆ ಹದಿನಾರು ನಿಮಿಷ ಯಾರಾದರೂ ಒಂದು ಲೈಟ್ ಹಾಕಿ "ಯಾರದು?" ಅಂದಿದ್ದರೆ ಅವರು ಅಲ್ಲೇ ಓಡುತ್ತಿದ್ದರು. ನಮಗೆ ಬೇಕಾದ್ದು ಅದು.

ಮನೆ 8, ಒಂದನೇ ಕ್ರಾಸ್
ಮನೆಯವರು ವಾರದಲ್ಲಿ ಐದು ದಿನ ಸೋಲಾಪುರದಲ್ಲಿರುತ್ತಾರೆ. ನಾನು, ಅತ್ತೆ ಇಬ್ಬರೇ. ಜೋರು ಸಪ್ಪಳ ಅಂದರೆ ಅತ್ತೆಗೆ ಎದೆ ಹೊಡೆದುಕೊಳ್ಳುತ್ತದೆ. ನಮಗೇನು ದಾರಿ? ಕರೆಂಟ್ ಹೋದರೆ ಇದೆಲ್ಲ ನಡೆಯುತ್ತದಾ?

ಮನೆ 19, ಎರಡನೇ ಕ್ರಾಸ್
ಅಕ್ಕಾ, ಸೈರನ್ ಹೊರಗಿನ ಗೋಡೆಗೆ ಎತ್ತರದಲ್ಲಿ ಹಾಕೋಣ. ಒಳಗೆ ಸಣ್ಣ ಬಜರ್ ಸಾಕು. ಅತ್ತೆಯವರ ಹಾಸಿಗೆ ಹತ್ತಿರ ಪ್ಯಾನಿಕ್ ಬಟನ್ ಒಂದಿರಲಿ. ಒತ್ತಿದರೆ ಪಕ್ಕದ ಮನೆಗಳಿಗೆ ಕರೆ ಹೋಗುತ್ತದೆ. ಕಳ್ಳರಿಗೇ ಅಂತಲ್ಲ, ಬಚ್ಚಲಲ್ಲಿ ಜಾರಿ ಬಿದ್ದರೂ ಬೇಕಾಗುತ್ತದೆ. ಬಚ್ಚಲ ಬಾಗಿಲಿಗೂ ಇನ್ನೊಂದು ಹಾಕಿಸಿ.

ಕರೆಂಟ್ ಹೋದರೆ ಪೆಟ್ಟಿಗೆಯೊಳಗಿನ ಬ್ಯಾಟರಿ ಮೇಲೆ ನಡೆಯಬೇಕು. ದೊಡ್ಡ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ. ನಮ್ಮ ಸೆಕೆಗೆ ಅದು ಬೇಗ ಸೊರಗುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಸೈರನ್ ಬಾರಿಸಿ ನೋಡಿ. ವೈಫೈ ಮೇಲೆ ನಡೆಯುವಂಥದ್ದಾದರೆ ರೂಟರಿಗೂ ಇನ್ವರ್ಟರ್ ಲೈನ್ ಕೊಡಬೇಕು. ಸಿಮ್ ಇರುವಂಥದ್ದಾದರೆ ರೀಚಾರ್ಜ್ ಮರೆಯಬೇಡಿ. ಪ್ಯಾಕ್ ಮುಗಿದು ಸಿಮ್ ಸತ್ತಿದ್ದೇ ಗೊತ್ತಿಲ್ಲದ ಮನೆಗಳನ್ನು ನಾನೇ ನೋಡಿದ್ದೇನೆ.

ಮನೆ 23, ಎರಡನೇ ಕ್ರಾಸ್
ಸಿಮ್ ಮಾತು ಬಂತಲ್ಲ, ನಾವು ಮಾಡಿದ ತಪ್ಪು ಹೇಳುತ್ತೇನೆ. ಪೆಟ್ಟಿಗೆಯಲ್ಲಿ ಎರಡೇ ನಂಬರ್ ಹಾಕಿದ್ದೆವು. ನನ್ನದು, ನಮ್ಮ ಮನೆಯವರದು. ಇಬ್ಬರೂ ಬಾದಾಮಿಯಲ್ಲಿ! ನಾನು ಫೋನ್ ಎತ್ತಿದ್ದರೂ ಅಷ್ಟು ದೂರದಿಂದ ಏನು ಮಾಡಲಾಗುತ್ತಿತ್ತು? ಈಗ ಮೊದಲ ನಂಬರ್ 24ರ ಮಾಸ್ತರ್ ಅವರದು, ಎರಡನೇದು 22ರವರದು, ಮೂರನೇದು 19. ನಮ್ಮದು ಕೊನೆಗೆ. ಪ್ರತಿ ಮನೆಯವರೂ ಹೀಗೇ ಮಾಡಬೇಕು ಅಂತ ನನ್ನ ವಿನಂತಿ. ಯಾರ ನಂಬರ್ ಹಾಕುತ್ತೀರೋ ಅವರನ್ನು ಕೇಳಿ ಹಾಕಿ. ಮಲಗುವಾಗ ಅವರ ಮೊಬೈಲ್ ಸೈಲೆಂಟ್ ಇರಬಾರದು.

ಕರೆ ಬಂದವರು ಒಬ್ಬರೇ ಆ ಮನೆಯೊಳಗೆ ಹೋಗಬಾರದು. ಇದು ಗಟ್ಟಿ ಮಾತು. ಕಳ್ಳರ ಕೈಯಲ್ಲಿ ಕಬ್ಬಿಣದ ಸಲಾಕೆ ಇರುತ್ತದೆ. ಮೊದಲು ನಿಮ್ಮ ಹೊರಗಿನ ಲೈಟ್ ಹಾಕಿ, ಕೂಗಿ ನಾಲ್ಕು ಜನರನ್ನು ಎಬ್ಬಿಸಿ, 112ಕ್ಕೆ ಫೋನ್ ಮಾಡಿ. ಅವರು ಓಡಿ ಹೋದರೆ ಹೋಗಲಿ. ಬಂಗಾರಕ್ಕಿಂತ ನಿಮ್ಮ ಜೀವ ದೊಡ್ಡದು.

ಇನ್ನೊಂದು. ಪಂಚನಾಮೆಗೆ ಬಂದ ಪೊಲೀಸರು ನಮ್ಮ ಅಂಗಳ ತೋರಿಸಿದರು. ಮೂರು ದಿನದ ಧೂಳು, ನೀರು ಹೊಡೆದಿಲ್ಲ, ರಂಗೋಲಿ ಇಲ್ಲ, ಗೇಟಿನೊಳಗೆ ಮೂರು ಪೇಪರ್ ಬಿದ್ದಿವೆ. ಮನೆ ಖಾಲಿ ಇದೆ ಅಂತ ನಾವೇ ಬೋರ್ಡ್ ಹಾಕಿದ ಹಾಗೆ. ಊರಿಗೆ ಹೋಗುವವರು ಪೇಪರ್, ಹಾಲು ನಿಲ್ಲಿಸಿ. ಬೀಟ್ ಪೊಲೀಸರಿಗೆ ತಿಳಿಸಿ. ಪಕ್ಕದವರಿಗೆ ಹೇಳಿ ಹೋಗಿ. ಎರಡನೇ ಕ್ರಾಸಿನಲ್ಲಿ ಯಾರೇ ಕೀಲಿ ಹಾಕಿ ಹೋದರೂ ಬೆಳಿಗ್ಗೆ ಅವರ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕುವ ಕೆಲಸ ನನ್ನದು.

ಮನೆ 8, ಒಂದನೇ ಕ್ರಾಸ್
ಒಂದನೇ ಕ್ರಾಸಿಗೆ ನಾನು ಹಾಕುತ್ತೇನೆ ಅಕ್ಕಾ.

ಮನೆ 31, ಮೂರನೇ ಕ್ರಾಸ್
ಇವತ್ತು ಸಂಜೆ 19ರ ತಮ್ಮ ಬಂದು ಸೆನ್ಸರ್ ಬೇರೆ ಮೂಲೆಗೆ ಹಾಕಿಕೊಟ್ಟ. ಗೋಡೆಯ ಸಂದಿಗೆ ಸಿಮೆಂಟ್ ತುಂಬಿಸಿದ್ದೇವೆ, ಹಲ್ಲಿಗೆ ಜಾಗವಿಲ್ಲ. ಇನ್ನು ಸುಳ್ಳು ಸೈರನ್ ಆದರೆ ಐದು ನಿಮಿಷದೊಳಗೆ ಗುಂಪಿನಲ್ಲಿ ತಿಳಿಸುತ್ತೇನೆ. ನನ್ನಿಂದ ಮಾತು ಬರಲಿಲ್ಲ ಅಂದರೆ ನಿಜ ಅಂತ ತಿಳಿದು ಎದ್ದು ಬನ್ನಿ.

ಮನೆ 23, ಎರಡನೇ ಕ್ರಾಸ್
ಇದು ಎಲ್ಲ ಮನೆಗೂ ನಿಯಮ ಆಗಲಿ. ರವಿವಾರ ಬೆಳಿಗ್ಗೆ 10 ಗಂಟೆಗೆ ನಮ್ಮ ಸೈರನ್ ಎರಡು ನಿಮಿಷ ಬಾರಿಸುತ್ತೇನೆ. ಯಾವ ಯಾವ ಮನೆಗೆ ಕೇಳಿಸಿತು ಅಂತ ಇಲ್ಲೇ ಬರೆಯಿರಿ. ಕಿಟಕಿ ಹಾಕಿ, ಕೂಲರ್ ಹಚ್ಚಿಕೊಂಡು ಒಳಗೇ ಕೂತು ಕೇಳಿ. ಅಂಗಳದಲ್ಲಿ ನಿಂತರೆ ಎಲ್ಲರಿಗೂ ಕೇಳಿಸುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಮನೆ 40, ನಾಲ್ಕನೇ ಕ್ರಾಸ್
ಆಯ್ತು ಅಕ್ಕಾ. ಕೂಲರ್ ಹಚ್ಚಿಕೊಂಡೇ ಕೂರುತ್ತೇನೆ. ಸಿಮ್ಮಿನಲ್ಲಿ ನನ್ನ ನಂಬರೂ ಸೇರಿಸಿ.

ಮನೆ 24, ಎರಡನೇ ಕ್ರಾಸ್
ಮಾಳಿಗೆ ಮೇಲೆ ದಿಂಬಿನ ಪಕ್ಕ ಟಾರ್ಚ್ ಇಟ್ಟುಕೊಂಡಿದ್ದೇನೆ. ತಂಗೀ, ಈ ಸಲ ಎದ್ದು ನೋಡುತ್ತೇನೆ.